ಅಮ್ಮನ ಐದು ನಿಮಿಷ

ಗುರುವಾರ, 13 ಜೂನ್ 2024. ರಾತ್ರಿ 11.20

ಮಕ್ಕಳಿಬ್ಬರೂ ಮಲಗಿದ್ದಾರೆ. ನಾಳೆ ಬೆಳಿಗ್ಗೆ ಒಂಬತ್ತು ಗಂಟೆಯೊಳಗೆ ಕಳುಹಿಸಬೇಕಾದ ಫೈಲಿನಲ್ಲಿ ಇನ್ನೂ 18 ನಿಮಿಷಗಳ ಆಡಿಯೊ ಉಳಿದಿದೆ, ಎಂದರೆ ಒಂದು ಗಂಟೆಗೂ ಮೇಲ್ಪಟ್ಟ ಕೆಲಸ ಉಳಿದಿದೆ. ಅದನ್ನು ಬಿಟ್ಟು ದಿನಚರಿ ಬರೆಯಲು ಕುಳಿತಿರುವುದು ಅವಿವೇಕವೆಂದು ನನಗೆ ಗೊತ್ತು. ಆದರೆ ಸಂಜೆ ಕೇಳಿಸಿಕೊಂಡ ಒಂದು ಮಾತು ಕಿವಿಯಲ್ಲೇ ಕೂತಿದೆ. ಅದು ಅಲ್ಲಿರುವಷ್ಟು ಹೊತ್ತು ಬೇರೆಯವರ ಮಾತನ್ನು ಕೇಳಿ ಟೈಪಿಸುವ ಕೆಲಸ ಮುಂದೆ ಸಾಗುವುದಿಲ್ಲ.

ಸಂಜೆ ನಾನು ಹೆಡ್‌ಫೋನ್ ಕಳಚಿಟ್ಟು ಕಣ್ಣುಜ್ಜಿಕೊಳ್ಳುತ್ತಿದ್ದಾಗ ಪಕ್ಕದ ಕೋಣೆಯಲ್ಲಿ ಅಮ್ಮ-ಮಗು ಆಟ ನಡೆಯುತ್ತಿತ್ತು. ದೊಡ್ಡವಳು ಅಮ್ಮ, ಚಿಕ್ಕವನು ಮಗು. ಈ ಪಾತ್ರಹಂಚಿಕೆಯ ಬಗ್ಗೆ ಅವನಿಗೆ ಮೊದಲಿನಿಂದಲೂ ತಕರಾರಿದೆ, ಆದರೆ ನಾಲ್ಕು ವರ್ಷದವನ ತಕರಾರು ಏಳು ವರ್ಷದವಳ ಮುಂದೆ ನಿಲ್ಲುವುದಿಲ್ಲ. ಅವಳು ಚಿತ್ರಪುಸ್ತಕವೊಂದನ್ನು ಅರ್ಧ ತೆರೆದು ಲ್ಯಾಪ್‌ಟಾಪಿನಂತೆ ನಿಲ್ಲಿಸಿಕೊಂಡಿದ್ದಳು, ಹೇರ್‌ಬ್ಯಾಂಡನ್ನು ಕಿವಿಯವರೆಗೆ ಇಳಿಸಿಕೊಂಡಿದ್ದಳು. ಅವನು "ಅಮ್ಮಾ" ಎಂದು ಬಂದಾಗ ತಿರುಗಿ ನೋಡದೆ ಎಡಗೈಯನ್ನಷ್ಟೇ ಮೇಲೆತ್ತಿ, ಅಂಗೈ ತೋರಿಸಿ, "ಐದು ನಿಮಿಷ" ಎಂದಳು. ಆ ಕೈ ನನ್ನದು. ನಾನು ಹಾಗೆ ಕೈಯೆತ್ತುತ್ತೇನೆಂಬುದೇ ಅದುವರೆಗೆ ನನಗೆ ತಿಳಿದಿರಲಿಲ್ಲ. ಅವನು ಕೋಣೆಗೆ ಒಂದು ಸುತ್ತು ಹಾಕಿ ಮತ್ತೆ ಬಂದ; ಮತ್ತೆ ಅದೇ ಅಂಗೈ, ಅದೇ ಐದು ನಿಮಿಷ. ಮೂರನೆಯ ಸಲ ಅವನು ಆಟದಿಂದ ಹೊರಗೆ ಬಂದು, ನಿಜವಾಗಿ ತಿಳಿಯದೆ ಕೇಳಿದ: "ಐದು ನಿಮಿಷ ಅಂದ್ರೆ ಎಷ್ಟು?"

ಅವಳೂ ಆಟ ಬಿಟ್ಟು, ಪಾಠ ಹೇಳಿಕೊಡುವ ಧ್ವನಿಯಲ್ಲಿ ಕೇಳಿದಳು: "ಗಡಿಯಾರದ ಐದು ನಿಮಿಷಾನಾ, ಅಮ್ಮನ ಐದು ನಿಮಿಷಾನಾ?"

ಅವನು ಎರಡೂ ಎಂದ.

"ಗಡಿಯಾರದ್ದು ಅಂದ್ರೆ ದೊಡ್ಡ ಮುಳ್ಳು ಒಂದು ಅಂಕಿಯಿಂದ ಇನ್ನೊಂದು ಅಂಕಿಗೆ ಹೋಗೋದು. ಅಮ್ಮನದು ಅಂದ್ರೆ, ನೀನು ಯಾಕೆ ಕರೆದೆ ಅಂತ ನಿನಗೇ ಮರೆತುಹೋಗೋವರೆಗೆ."

ಆ ಮಾತಿನಲ್ಲಿ ಮುನಿಸು ಇದ್ದಿದ್ದರೆ ನನಗೆ ಸಮಾಧಾನವಾಗುತ್ತಿತ್ತು. ಮುನಿಸಿಗೆ ಉತ್ತರ ಕೊಡಬಹುದು, ಮುದ್ದು ಮಾಡಿ ಮುಗಿಸಬಹುದು. ಅವಳು ಮಾತ್ರ ವಾರಕ್ಕೆ ಏಳು ದಿನ ಎಂದು ಹೇಳುವಷ್ಟೇ ನಿರಾಳವಾಗಿ ಹೇಳಿದಳು. ಅವನೂ ತಲೆಯಾಡಿಸಿ ಒಪ್ಪಿಕೊಂಡ, ಆಟ ಮುಂದುವರಿಯಿತು.

ನನ್ನ ಜೀವನೋಪಾಯವೇ ನಿಮಿಷಗಳ ಲೆಕ್ಕ ಎಂಬುದನ್ನು ನೆನೆದರೆ ನಗುವೂ ಬರುತ್ತದೆ. ಟ್ರಾನ್ಸ್‌ಕ್ರಿಪ್ಷನ್ ಕೆಲಸದಲ್ಲಿ ಹಣ ಕೊಡುವುದು ಆಡಿಯೊದ ನಿಮಿಷಕ್ಕೆ, ನಾನು ಕುಳಿತು ದುಡಿದ ನಿಮಿಷಕ್ಕಲ್ಲ. ಸ್ಪಷ್ಟವಾದ ಒಂದು ಗಂಟೆಯ ಸಂದರ್ಶನವನ್ನು ಬರಹಕ್ಕಿಳಿಸಲು ನುರಿತವರಿಗೂ ಸುಮಾರು ನಾಲ್ಕು ಗಂಟೆ ಬೇಕೆಂಬುದು ಈ ಕೆಲಸದವರೆಲ್ಲ ಒಪ್ಪಿದ ಲೆಕ್ಕ. ಇಬ್ಬರು ಮೂವರು ಒಬ್ಬರ ಮೇಲೊಬ್ಬರು ಮಾತನಾಡಿದರೆ, ಹಿಂದೆ ಫ್ಯಾನು ಗುಂಯ್ ಎನ್ನುತ್ತಿದ್ದರೆ, ಅದು ಆರು ಗಂಟೆಯೂ ಆಗಬಹುದು. ಹಾಗಾಗಿ ಎರಡು ಬಗೆಯ ನಿಮಿಷಗಳಿವೆ ಎಂಬ ತಿಳಿವಳಿಕೆ ನನಗೆ ಹೊಸದಲ್ಲ. ಇನ್‌ವಾಯ್ಸಿನಲ್ಲಿ ಬರೆಯುವ ನಿಮಿಷ ಒಂದು, ಬೆನ್ನು ನೋಯಿಸುವ ನಿಮಿಷ ಇನ್ನೊಂದು. ಗ್ರಾಹಕರು ಎರಡನೆಯದನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲವೆಂದು ಎಷ್ಟು ವರ್ಷಗಳಿಂದ ಗೊಣಗುತ್ತಿದ್ದೇನೆ! ಅದೇ ವ್ಯತ್ಯಾಸವನ್ನು ನನ್ನ ಮಗಳು ಎದುರು ದಿಕ್ಕಿನಿಂದ ಕಂಡುಕೊಂಡಿದ್ದಾಳೆ. ನನಗೆ ಸಂದಾಯವಾಗದ ನಿಮಿಷಗಳನ್ನೆಲ್ಲ ನಾನು ಅವಳಿಂದ ವಸೂಲು ಮಾಡಿಕೊಂಡಿದ್ದೇನೆ, ಅದೂ ಖೋಟಾ ನಾಣ್ಯ ಕೊಟ್ಟು.

ನನ್ನ ಪರವಾಗಿಯೂ ಒಂದಿಷ್ಟು ಹೇಳಿಕೊಳ್ಳಬೇಕು. ಅಡಚಣೆಗಳ ಬಗ್ಗೆ ಅಧ್ಯಯನ ಮಾಡಿದ ಗ್ಲೋರಿಯಾ ಮಾರ್ಕ್, ಕಚೇರಿ ನೌಕರರನ್ನು ಗಮನಿಸಿ, ತಡೆದು ನಿಂತ ಕೆಲಸಕ್ಕೆ ಮರಳಲು ಸರಾಸರಿ 23 ನಿಮಿಷಕ್ಕಿಂತ ಸ್ವಲ್ಪ ಹೆಚ್ಚು ಬೇಕಾಗುತ್ತದೆ ಎಂದಿದ್ದರು. ಅವರು ನೋಡಿದ ಕಚೇರಿಗಳಲ್ಲಿ ಅಡ್ಡ ಬರುತ್ತಿದ್ದದ್ದು ಫೋನು, ಇಮೇಲು, ಪಕ್ಕದ ಮೇಜಿನವರು. ಬೆನ್ನ ಮೇಲೆ ಹತ್ತಿ ಕುತ್ತಿಗೆ ಹಿಡಿದುಕೊಳ್ಳುವವರು ಅಲ್ಲಿ ಯಾರೂ ಇದ್ದಿರಲಾರರು. ಅಂಗೈ ಎತ್ತುವಾಗ ನಾನು ತಡೆಯಲು ನೋಡುವುದು ಮಗುವನ್ನಲ್ಲ, ಅದರ ಹಿಂದೆ ಬರುವ ಆ 23 ನಿಮಿಷಗಳನ್ನು. ವಾಕ್ಯದ ಅರ್ಧ ನನ್ನ ತಲೆಯಲ್ಲಿರುತ್ತದೆ, ಇನ್ನರ್ಧ ಬೆರಳಿನಲ್ಲಿರುತ್ತದೆ, ನಡುವೆ ಒಂದು "ಅಮ್ಮಾ" ಬಿದ್ದರೆ ಎರಡೂ ಚದುರುತ್ತವೆ. ಚಿಕ್ಕವನಿಗೆ ಇದನ್ನು ಹೇಗೆ ತಿಳಿಸುವುದು? "ಐದು ನಿಮಿಷ" ಎನ್ನುವುದು ಸುಲಭ.

ಇದರ ಇನ್ನೊಂದು ಮಗ್ಗುಲು ಇನ್ನೂ ಕೆಟ್ಟದ್ದು. ಮುಗಿಯದ ಕೆಲಸವನ್ನು ಬಿಟ್ಟು ಬೇರೆ ಕೆಲಸಕ್ಕೆ ಹೋದಾಗ ಮನಸ್ಸಿನ ಒಂದು ಪಾಲು ಹಳೆಯ ಕೆಲಸಕ್ಕೇ ಅಂಟಿಕೊಂಡಿರುತ್ತದೆ ಎಂದು ಸಂಶೋಧಕಿ ಸೋಫಿ ಲೆರಾಯ್ 2009ರಲ್ಲಿ ತೋರಿಸಿದ್ದರು; ಆ ಪಾಲಿಗೆ ಅವರಿಟ್ಟ ಹೆಸರನ್ನು ಗಮನದ ಶೇಷ ಎನ್ನಬಹುದು. ರಾತ್ರಿ ಕಥೆ ಓದುವಾಗ ನನ್ನಲ್ಲಿ ಮಕ್ಕಳಿಗೆ ಸಿಗುವುದು ಶೇಷವೋ, ಶೇಷವನ್ನು ಕಳೆದು ಉಳಿದದ್ದೋ ನನಗೇ ಗೊತ್ತಾಗುವುದಿಲ್ಲ. ಮೊನ್ನೆ ಕಥೆಯ ನರಿ ಮಾತನಾಡುವಲ್ಲಿ ನಾನು, ಫೈಲುಗಳಲ್ಲಿ ಹೆಸರಿನ ಬದಲು ಹಾಕುವ ಗುರುತಿನಂತೆ, "ಮಾತನಾಡುವವರು ಒಂದು" ಎಂದು ಓದಿದೆ. ಇಬ್ಬರೂ ಬಿದ್ದು ಬಿದ್ದು ನಕ್ಕರು, ನಾನೂ ನಕ್ಕೆ.

ಮಧ್ಯಾಹ್ನ ಗೆಳತಿ ಫೋನ್ ಮಾಡಿದ್ದಳು, ಮನೆಯಲ್ಲೇ ಕೂತು ದುಡಿಯುವ ಭಾಗ್ಯ ಎಲ್ಲರಿಗೂ ಸಿಗುವುದಿಲ್ಲವೆಂದು ಈ ಸಲವೂ ಹೇಳಿದಳು. ಹೌದು ಎಂದೆ. ಸುಳ್ಳಲ್ಲ. ಚಿಕ್ಕವನ ಮೊದಲ ಹೆಜ್ಜೆಯನ್ನು ನಾನು ಕಣ್ಣಾರೆ ಕಂಡದ್ದು ಈ ಕುರ್ಚಿಯಲ್ಲಿ ಕೂತಿದ್ದರಿಂದಲೇ. ಅವಳಿಗೆ ತಿಂಗಳ ಕೊನೆಯ ದಿನ ಸಂಬಳ ಬರುತ್ತದೆ, ಜ್ವರ ಬಂದರೆ ರಜೆ ಸಿಗುತ್ತದೆ. ನನ್ನ ಹಿಂದಿನ ಗ್ರಾಹಕರಿಂದ ಬರಬೇಕಾದ ಹಣಕ್ಕೆ ಇವತ್ತಿಗೆ 52 ದಿನಗಳಾದವು. ಮೂರನೆಯ ನೆನಪೋಲೆ ಕಳುಹಿಸಿದ್ದೇನೆ, ಹಿಂದಿನ ಎರಡಕ್ಕಿಂತ ಹೆಚ್ಚು ವಿನಯದಿಂದ. ಹಣ ಬರಬೇಕಾದವಳೇ ಯಾಕೆ ದಿನದಿಂದ ದಿನಕ್ಕೆ ಹೆಚ್ಚು ವಿನಯ ತೋರಿಸಬೇಕೋ ತಿಳಿಯದು.

ಈಗಿನ ಗ್ರಾಹಕರದು ಬೇರೆ ಕಥೆ. ಅವರು ಯಂತ್ರ ಬರೆದ ಕರಡನ್ನು ಜೊತೆಗಿಟ್ಟು, "ತಿದ್ದುವುದಷ್ಟೇ ನಿಮ್ಮ ಕೆಲಸ" ಎಂದು ದರವನ್ನು ಅರ್ಧಕ್ಕೆ ಇಳಿಸಿದ್ದಾರೆ. ಧ್ವನಿ ಸ್ಪಷ್ಟವಿದ್ದಲ್ಲಿ ಯಂತ್ರ ಚೆನ್ನಾಗಿಯೇ ಬರೆಯುತ್ತದೆ, ಸುಮ್ಮನೆ ಬೈಯಲಾರೆ. ಮಾತು ತೊದಲಿದಲ್ಲಿ, ಇಬ್ಬರು ಒಟ್ಟಿಗೆ ಮಾತನಾಡಿದಲ್ಲಿ ಮಾತ್ರ ಅದು ಗೊತ್ತಿಲ್ಲವೆಂದು ಒಪ್ಪಿಕೊಳ್ಳದೆ ಯಾರೂ ಆಡದ ವಾಕ್ಯವನ್ನು ಠೀವಿಯಿಂದ ಬರೆದಿಡುತ್ತದೆ. ತಪ್ಪು ಎದ್ದು ಕಾಣುವಂತಿದ್ದರೆ ಬೇಗ ತಿದ್ದಬಹುದಿತ್ತು. ಸರಿಯಂತೆ ಕಾಣುವ ತಪ್ಪನ್ನು ಹಿಡಿಯಲು ಎಲ್ಲವನ್ನೂ ಮೊದಲಿನಿಂದ ಕೇಳಬೇಕು, ಆಗ ಅರ್ಧ ದರಕ್ಕೆ ಪೂರ್ತಿ ಕೆಲಸವಾಗುತ್ತದೆ.

ಇವರು ಬಾಗಿಲು ಹಾಕಿಕೊಂಡು ಕೆಲಸ ಮಾಡು ಎನ್ನುತ್ತಾರೆ. ಕಳೆದ ಭಾನುವಾರ ಮಕ್ಕಳನ್ನು ತಾವೇ ನೋಡಿಕೊಳ್ಳುತ್ತೇನೆಂದರು, ನೋಡಿಕೊಂಡರೂ ಸಹ. ಆದರೆ ಬಾಗಿಲ ಆಚೆ ಮಗು ಅತ್ತರೆ ನನ್ನ ಕಾಲು ಆಡಿಯೊ ನಿಲ್ಲಿಸುವ ಪೆಡಲನ್ನು ತಾನಾಗಿಯೇ ಒತ್ತುತ್ತದೆ.

ಅಂತಾರಾಷ್ಟ್ರೀಯ ಕಾರ್ಮಿಕ ಸಂಘಟನೆಯು 2018ರ ವರದಿಯೊಂದರಲ್ಲಿ, ಜಗತ್ತಿನ ಜನ ಸಂಬಳವಿಲ್ಲದ ಆರೈಕೆಯ ಕೆಲಸಕ್ಕೆ ದಿನವೊಂದಕ್ಕೆ 1,640 ಕೋಟಿ ಗಂಟೆಗಳನ್ನು ಕೊಡುತ್ತಾರೆಂದು ಅಂದಾಜು ಮಾಡಿತ್ತು. 200 ಕೋಟಿ ಜನ ಒಂದು ಪೈಸೆಯೂ ಇಲ್ಲದೆ ದಿನಕ್ಕೆ ಎಂಟು ಗಂಟೆ ದುಡಿದಂತೆ. ಅದರಲ್ಲಿ ಮುಕ್ಕಾಲು ಪಾಲಿಗಿಂತ ಹೆಚ್ಚು ಹೆಂಗಸರದು. ಅಂಕಿ ದೊಡ್ಡದು, ನನಗೆ ಕುತೂಹಲವಿರುವುದು ಅದನ್ನು ಅಳೆಯುವ ಬಗೆಯಲ್ಲಿ. ಇಂಥ ಸಮೀಕ್ಷೆಗಳಲ್ಲಿ ದಿನವನ್ನು ಸಣ್ಣ ಸಣ್ಣ ತುಂಡುಗಳಾಗಿ ಒಡೆದು, ಪ್ರತಿ ತುಂಡಿನ ಎದುರು ಮುಖ್ಯವಾಗಿ ಏನು ಮಾಡುತ್ತಿದ್ದಿರಿ, ಜೊತೆಗೆ ಇನ್ನೇನು ಮಾಡುತ್ತಿದ್ದಿರಿ ಎಂದು ಕೇಳುವ ಪದ್ಧತಿಯಿದೆ. ಕಳೆದ ತಿಂಗಳು ಚಿಕ್ಕವನಿಗೆ ಜ್ವರ ಬಂದಾಗ ಅವನನ್ನು ತೊಡೆಯ ಮೇಲೆ ಮಲಗಿಸಿಕೊಂಡು, ಒಂದು ಕೈಯನ್ನು ಅವನ ಹಣೆಯ ಮೇಲಿಟ್ಟು, ಇನ್ನೊಂದು ಕೈಯಲ್ಲಿ ಟೈಪು ಮಾಡಿದೆ. ಆಗ ಮುಖ್ಯ ಯಾವುದು, ಜೊತೆಗಿನದು ಯಾವುದು? ನನ್ನನ್ನು ಕೇಳಿದರೆ ಹಣೆ ಎನ್ನುತ್ತಿದ್ದೆ. ಅವನನ್ನು ಕೇಳಿದ್ದರೆ ಏನೆನ್ನುತ್ತಿದ್ದನೋ.

ಇನ್ನು ಇದನ್ನು ಬರೆಯಲು ಕೂರಿಸಿದ ಎರಡನೆಯ ಸಂಗತಿ. ಇವತ್ತಿನ ಫೈಲು ಒಂದು ಸಂದರ್ಶನ. ಯಾರದು, ಯಾವ ವಿಷಯದ್ದು ಎಂದು ಬರೆಯುವಂತಿಲ್ಲ, ಗೋಪ್ಯತೆಯ ಒಪ್ಪಂದಕ್ಕೆ ಸಹಿ ಹಾಕಿದ್ದೇನೆ. ಮಾತನಾಡುವವರು ಒಬ್ಬ ಹೆಂಗಸು, ಮನೆಯಿಂದಲೇ ಮಾತನಾಡುತ್ತಿದ್ದಾರೆ ಎಂಬಷ್ಟು ಹೇಳಿದರೆ ತಪ್ಪಾಗಲಾರದು. 41 ನಿಮಿಷ 7 ಸೆಕೆಂಡಿನಲ್ಲಿ ಒಂದು ಮಗು ಕರೆಯುತ್ತದೆ, ಆಕೆ "ಐದು ನಿಮಿಷ" ಎನ್ನುತ್ತಾರೆ. ಮಧ್ಯಾಹ್ನ ಅದನ್ನು ಕೇಳಿದಾಗ ನಾನು ಎಂದಿನಂತೆಯೇ ಮಾಡಿದೆ. ಅಚ್ಚುಕಟ್ಟು ಪ್ರತಿ ಬೇಕೆಂದ ಗ್ರಾಹಕರಿಗೆ ತೊದಲು, ಕೆಮ್ಮು, ವಿಷಯಕ್ಕೆ ಸಂಬಂಧವಿಲ್ಲದ ಅಡಚಣೆ ಯಾವುದನ್ನೂ ಇಟ್ಟುಕೊಡುವಂತಿಲ್ಲ. ಪರದೆಯ ಮೇಲೆ ಧ್ವನಿಯ ಅಲೆಗಳು ಚಪ್ಪಟೆಯಾದ ಜಾಗವನ್ನು ಹಾರಿ, ಮತ್ತೆ ಅಲೆ ಎದ್ದಲ್ಲಿಗೆ ಹೋಗಿ ಮುಂದುವರಿಸಿದೆ. ಯಂತ್ರವು ಆ ಚಪ್ಪಟೆ ಜಾಗದಲ್ಲಿ, ಯಾರೂ ಏನೂ ಹೇಳದಿದ್ದರೂ, ಎರಡು ಸಲ "ಧನ್ಯವಾದಗಳು" ಎಂದು ಬರೆದಿಟ್ಟಿತ್ತು. ಅದನ್ನೂ ಅಳಿಸಿದೆ. ಒಂದು ಮಗುವಿನ ಧ್ವನಿಯನ್ನು ಅಳಿಸಲು ನನಗೆ ಬೇಕಾದದ್ದು ಎರಡು ಸೆಕೆಂಡು.

ಸಂಜೆಯ ಆ ಮಾತಿನ ನಂತರ, ಮಕ್ಕಳು ಮಲಗಿದ ಮೇಲೆ, ಫೈಲು ತೆರೆದು ಮುಂದಕ್ಕೆ ಹೋಗುವ ಬದಲು 41 ನಿಮಿಷ 7 ಸೆಕೆಂಡಿಗೆ ಹಿಂದಕ್ಕೆ ಹೋದೆ. ಏಕೆಂದು ಹೇಳಲಾರೆ, ಇನ್ನೊಬ್ಬ ತಾಯಿಯೂ ನನ್ನ ಹಾಗೆಯೇ ಎಂದು ಖಚಿತಪಡಿಸಿಕೊಳ್ಳುವ ಆಸೆಯಿದ್ದಿರಬೇಕು. ವೇಗ ತಗ್ಗಿಸಿ ಕೇಳಿದೆ. ಮಗು ಕರೆಯುತ್ತದೆ. ಆಕೆ "ಐದು ನಿಮಿಷ ಇರಿ" ಎನ್ನುತ್ತಾರೆ.

ಇರು ಅಲ್ಲ, ಇರಿ.

ಮಧ್ಯಾಹ್ನ ನಾನು ಆ ಕೊನೆಯ ಅಕ್ಷರದವರೆಗೆ ಕಾಯದೆ ಹಾರಿಬಿಟ್ಟಿದ್ದೆ. ಅವರು ಕಾಯಲು ಹೇಳಿದ್ದು ಮಗುವಿಗಲ್ಲ, ಸಂದರ್ಶನ ಮಾಡುತ್ತಿದ್ದವರಿಗೆ. ಅನಂತರ ಕುರ್ಚಿ ಸರಿದ ಸದ್ದು, ದೂರ ಹೋಗುವ ಹೆಜ್ಜೆ, ಒಂದು ಬಾಗಿಲು. ಆ ಕಡೆಯವರು ಒಮ್ಮೆ ಗಂಟಲು ಸರಿಮಾಡಿಕೊಳ್ಳುತ್ತಾರೆ, ಕಾಗದ ಮಗುಚುತ್ತಾರೆ. ಬಹಳ ದೂರದಲ್ಲಿ ನೀರು ಬೀಳುವ ಸದ್ದು, ಅದರ ಮೇಲೆ ಮಗುವಿನ ಮಾತು, ಪದಗಳು ತಿಳಿಯುವುದಿಲ್ಲ, ಒಂದು ಉದ್ದವಾದ ವಿವರಣೆ ಎಂದಷ್ಟೇ ತಿಳಿಯುತ್ತದೆ. 3 ನಿಮಿಷ 20 ಸೆಕೆಂಡುಗಳ ನಂತರ ಆಕೆ ವಾಪಸು ಬಂದು, ಕ್ಷಮೆ ಕೇಳದೆ, ತಾವು ನಿಲ್ಲಿಸಿದ್ದ ವಾಕ್ಯವನ್ನು ನಿಲ್ಲಿಸಿದ್ದ ಪದದಿಂದಲೇ ಮುಂದುವರಿಸುತ್ತಾರೆ. ಗಡಿಯಾರದ ಐದು ನಿಮಿಷವೂ ಹಿಡಿಯಲಿಲ್ಲ.

ನಾನು ಹಾಗೆ ಮಾಡಬಲ್ಲೆನೇ? ಆಕೆಯ ಎದುರು ಕಾಯಲು ಒಬ್ಬ ಮನುಷ್ಯರಿದ್ದರು. ನನ್ನ ಎದುರು ಇರುವುದು ಗಡುವು, ಅದಕ್ಕೆ "ಇರಿ" ಎಂದರೆ ನಿಲ್ಲುವುದಿಲ್ಲ. ಇದು ನೆಪವೆಂದು ಬರೆಯುತ್ತಿರುವಾಗಲೇ ಅನ್ನಿಸುತ್ತಿದೆ. ಪೆಡಲ್ ಒತ್ತಿದರೆ ಎಷ್ಟು ಹೊತ್ತು ಬೇಕಾದರೂ ನಿಂತಿರುವ ಆಡಿಯೊಗಿಂತ ತಾಳ್ಮೆಯ ಗ್ರಾಹಕ ಇನ್ನಾರಿದ್ದಾರೆ? ಆದರೂ 23 ನಿಮಿಷ ಸುಳ್ಳಲ್ಲ, ಅರ್ಧ ದರ ಸುಳ್ಳಲ್ಲ, 52 ದಿನ ಸುಳ್ಳಲ್ಲ.

ಗ್ರಾಹಕರ ಸೂಚನೆಗಳನ್ನು ಮತ್ತೊಮ್ಮೆ ತೆಗೆದು ನೋಡಿದೆ. ಹತ್ತು ಸೆಕೆಂಡಿಗಿಂತ ದೀರ್ಘವಾದ ಮೌನವಿದ್ದರೆ ಅಲ್ಲಿ "ವಿರಾಮ" ಎಂದು ಗುರುತು ಹಾಕಿ ಅದರ ಅವಧಿ ಬರೆಯಬೇಕೆಂದಿದೆ, ಅದನ್ನು ನಾನು ಮಧ್ಯಾಹ್ನ ಬಿಟ್ಟಿದ್ದೆ. ಈಗ ಹಾಕಿದೆ. ಮೌನಕ್ಕೂ ನಿಮಿಷದ ದರವೇ ಸಲ್ಲುತ್ತದೆ, ಆದ್ದರಿಂದ ಆಕೆ ಮಗುವಿನ ಬಳಿ ಕಳೆದ ಆ 3 ನಿಮಿಷ 20 ಸೆಕೆಂಡುಗಳಿಗೂ ನನಗೆ ಹಣ ಬರಲಿದೆ, ನನ್ನ ಮಗಳು ನಾಳೆ ಬೆಳಿಗ್ಗೆ ಎದ್ದು ಕರೆದಾಗ ಇದನ್ನು ಅವಳಿಗೆ ಹೇಳಬೇಕೇ, ಅಥವಾ ಹೇಳದೆ ಸುಮ್ಮನೆ ಕುರ್ಚಿ ಹಿಂದಕ್ಕೆ ಸರಿಸಿ