ಅಪ್ಪನ ದೋಣಿಗೆ ಬಿಚ್ಚಿಡುವ ನೆರಳು

ಹೋದ ವರ್ಷ ದೀಪಾವಳಿ ಕಳೆದ ಮೇಲೆ ಅಪ್ಪನ ಬಲಗಣ್ಣಿಗೆ ಶಸ್ತ್ರಚಿಕಿತ್ಸೆ ಆಯಿತು. ಮೂಗಿನ ಕಡೆಯ ಮೂಲೆಯಿಂದ ಹೊರಟು ಬಿಳಿಗುಡ್ಡೆಯ ಮೇಲೆ ಹಬ್ಬಿದ ಮಾಂಸದ ಪೊರೆ ಕರಿಗುಡ್ಡೆಯ ಅಂಚನ್ನು ಮುಟ್ಟಿತ್ತು. ನಮ್ಮದು ಅಂಕೋಲಾ ತಾಲ್ಲೂಕಿನ ಗಂಗಾವಳಿ ದಡದ ಊರು. ದೋಣಿಯ ಮೇಲೆ ಆಯುಷ್ಯ ಕಳೆದ ಎಷ್ಟೋ ಹಿರಿಯರ ಕಣ್ಣಿನಲ್ಲಿ ಈ ಪೊರೆಯನ್ನು ಚಿಕ್ಕಂದಿನಿಂದ ನೋಡಿದ್ದೇನೆ, ಮುಪ್ಪಿನ ಲಕ್ಷಣವೆಂದೇ ತಿಳಿದಿದ್ದೆ. ಬಿಸಿಲಿನ ಅತಿನೇರಳೆ ಕಿರಣವೇ ಇದಕ್ಕೆ ದೊಡ್ಡ ಕಾರಣ, ತೆಗೆದರೂ ಮತ್ತೆ ಬೆಳೆಯಬಹುದು ಎಂದು ವೈದ್ಯರು ಹೇಳಿದ ದಿನ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ದೋಣಿ ಬಿಟ್ಟುಬಿಡಿ ಎಂದು ಅವರಿಗೆ ಹೇಳುವ ಹಾಗಿರಲಿಲ್ಲ. ಅಮ್ಮ ತೀರಿಕೊಂಡ ಮೇಲೆ ಅಪ್ಪ ಗೋವಾದ ವಾಸ್ಕೋಗೆ ಬಂದು ನನ್ನ ಜೊತೆ ಇರಲು ಒಪ್ಪಿದ್ದೇ ಚಿಖಲಿಯ ದಡದಲ್ಲಿ ಒಂದು ದೋಣಿ ಕಟ್ಟಿಕೊಳ್ಳಬಹುದು ಎಂಬ ಕಾರಣಕ್ಕೆ. ಹದಿನೆಂಟು ಅಡಿಯ ಫೈಬರ್ ದೋಣಿ, ನಾಲ್ಕೂವರೆ ಅಡಿ ಅಗಲ, ಹಿಂದೆ ಒಂದು ಚಿಕ್ಕ ಎಂಜಿನ್. ಬೆಳಗಿನ ಜಾವ ಹೊರಟು ಜುವಾರಿ ಅಳಿವೆಯಲ್ಲಿ ಲಂಗರು ಹಾಕಿ ಗಾಳ ಬಿಡುತ್ತಾರೆ. ಊರಿನಲ್ಲಿ ನಾವು ನೊಗ್ಲಿ ಎನ್ನುವ, ಮಂಗಳೂರಿನವರು ಕಾಣೆ ಎನ್ನುವ, ಗೋವಾದವರು ಮುಡ್ಡೋಶಿ ಎನ್ನುವ ಮೀನು ಅವರಿಗೆ ಬಲು ಇಷ್ಟ. ಭಾನುವಾರ ನಾನೂ ಜೊತೆಗಿರುತ್ತೇನೆ. ಉಳಿದ ಆರು ದಿನ ಅವರೊಬ್ಬರೇ. ಹಾಗಾಗಿ ನಾನು ಕಟ್ಟುವ ನೆರಳನ್ನು ಅರವತ್ತೊಂಬತ್ತರ ಒಬ್ಬ ಮನುಷ್ಯ, ಅಲ್ಲಾಡುವ ದೋಣಿಯಲ್ಲಿ ಕುಳಿತೇ ಬಿಚ್ಚುವಂತಿರಬೇಕಿತ್ತು. ಈ ಮಾತು ಮೊದಲೇ ಹೊಳೆದಿದ್ದರೆ ಒಂದು ಅಪಾಯ ತಪ್ಪುತ್ತಿತ್ತು.

ನಾನು ಹಡಗು ದುರಸ್ತಿಯ ಯಾರ್ಡ್ ಒಂದರಲ್ಲಿ ಫಿಟ್ಟರ್. ಗಟ್ಟಿಯಾಗಿ ಕೂರಿಸುವುದೇ ನನ್ನ ಕೆಲಸ. ಜನವರಿಯಲ್ಲಿ ನಾಲ್ಕು ಜಿಐ ಪೈಪುಗಳನ್ನು ದೋಣಿಯ ಅಂಚಿಗೆ ನಟ್ಟು ಬೋಲ್ಟು ಹಾಕಿ ಬಿಗಿದು, ಎಂಟು ಅಡಿ ಉದ್ದ ಐದು ಅಡಿ ಅಗಲದ ನೀಲಿ ಟಾರ್ಪಾಲು ಕಟ್ಟಿದೆ. ಎಂಜಿನ್ ಹಿಡಿದು ನಿಲ್ಲಲು ಅನುಕೂಲವಾಗಲಿ ಎಂದು ಹಿಂಭಾಗವನ್ನು ಎತ್ತರ ಮಾಡಿದ್ದೆ.

ಮೊದಲ ದಿನವೇ ಒಂದು ತಪ್ಪು ಕಣ್ಣಿಗೆ ಬಿತ್ತು. ಮಧ್ಯಾಹ್ನ ಹನ್ನೆರಡೂವರೆಗೆ ಅಪ್ಪ ಟಾರ್ಪಾಲಿನ ಕೆಳಗೇ ಕುಳಿತಿದ್ದರು, ನೆರಳು ಮಾತ್ರ ದೋಣಿಯ ಉತ್ತರದ ಅಂಚಿನ ಮೇಲಿತ್ತು, ಅರ್ಧ ನೀರಿನ ಮೇಲೆ. ನಮ್ಮ ಅಕ್ಷಾಂಶದಲ್ಲಿ ಸೂರ್ಯ ನೆತ್ತಿಯ ಮೇಲೆ ಬರುವುದು ಮೇ ತಿಂಗಳ ಮೊದಲ ವಾರದಲ್ಲಿ, ಮತ್ತೊಮ್ಮೆ ಆಗಸ್ಟ್‌ನಲ್ಲಿ. ಡಿಸೆಂಬರ್, ಜನವರಿಯಲ್ಲಿ ನಡುಹಗಲಿನಲ್ಲೂ ಅದು ದಕ್ಷಿಣಕ್ಕೆ ವಾಲಿಕೊಂಡೇ ಇರುತ್ತದೆ. ಕುಳಿತ ಹಲಗೆಯಿಂದ ನಾಲ್ಕು ಅಡಿ ಮೇಲೆ ಬಟ್ಟೆ ಕಟ್ಟಿದರೆ ಹಲಗೆಯ ಮೇಲೆ ಬೀಳುವ ನೆರಳು ಸುಮಾರು ಮೂರು ಅಡಿ ಉತ್ತರಕ್ಕೆ ಸರಿಯುತ್ತದೆ. ಅಪ್ಪ ಏನೂ ಅನ್ನಲಿಲ್ಲ. ಹೆಗಲ ಮೇಲಿನ ಟವೆಲನ್ನು ತಲೆಗೆ ಸುತ್ತಿಕೊಂಡು ಗಾಳ ಎಳೆಯುತ್ತಿದ್ದರು.

ಇನ್ನೊಂದು ತಪ್ಪು ತಿಳಿದದ್ದು ಫೆಬ್ರವರಿಯ ಒಂದು ಭಾನುವಾರ. ಬೇಸಿಗೆಯ ಕಡೆ ತಿರುಗಿದ ಹೊತ್ತಿನಲ್ಲಿ ಇಲ್ಲಿ ಮಧ್ಯಾಹ್ನದ ಮೇಲೆ ವಾಯವ್ಯದಿಂದ ಕಡಲಗಾಳಿ ಏರುತ್ತದೆ. ಅದು ನನಗೆ ಗೊತ್ತಿತ್ತು. ಲಂಗರು ಹಾಕಿದ ದೋಣಿ ಗಾಳಿಗೆ ಮುಖ ಮಾಡಿ ನಿಲ್ಲುತ್ತದೆ ಎಂದೂ ಓದಿದ್ದೆ. ಆದರೆ ಅಳಿವೆಯಲ್ಲಿ ನೀರಿನ ಸೆಳೆತದ ಜೋರು ಹೆಚ್ಚು. ಅಂದು ಇಳಿತವಿತ್ತು. ನೀರು ಸಮುದ್ರದ ಕಡೆ ಓಡುತ್ತಿತ್ತು, ದೋಣಿ ಮೂಗನ್ನು ಪೂರ್ವಕ್ಕೆ ಮಾಡಿ ನಿಂತಿತ್ತು, ಗಾಳಿ ಹಿಂದಿನಿಂದ ಬಂತು. ನಾನೇ ಎತ್ತರಿಸಿದ್ದ ಹಿಂಭಾಗ ಅದಕ್ಕೆ ಬಾಯಿ ತೆರೆದುಕೊಟ್ಟಿತು. ಟಾರ್ಪಾಲು ಹಾಯಿಯಂತೆ ಉಬ್ಬಿ ದೋಣಿ ಲಂಗರಿನ ಹಗ್ಗದ ಮೇಲೇ ಅಡ್ಡ ತಿರುಗಿ ವಾಲಿತು. ಒಂದು ಕಡೆಯ ಬೋಲ್ಟು ಫೈಬರನ್ನು ಹರಿದುಕೊಂಡು ಎದ್ದು ಬಂತು. ನಾನು ಸ್ಪ್ಯಾನರ್ ಹುಡುಕುತ್ತಿದ್ದೆ. ಅಪ್ಪ ಗಾಳದ ಮೀನು ಕತ್ತರಿಸುವ ಚೂರಿಯಿಂದ ಹಗ್ಗಗಳನ್ನು ಒಂದೊಂದಾಗಿ ಕೊಯ್ದು ಟಾರ್ಪಾಲನ್ನು ನೀರಿಗೆ ಬಿಟ್ಟರು. ದೋಣಿ ನೆಟ್ಟಗಾದ ಮೇಲೆ ಅವರು ಹೇಳಿದ್ದು ಒಂದೇ ಮಾತು: "ತಮ್ಮಾ, ಕಟ್ಟುವುದು ಎಲ್ಲರಿಗೂ ಬರುತ್ತದೆ. ಬಿಚ್ಚುವುದನ್ನು ಮೊದಲು ಯೋಚಿಸಬೇಕು."

ಗಾಳಿಯ ವೇಗ ಎರಡು ಪಟ್ಟಾದರೆ ಅದರ ಒತ್ತಡ ನಾಲ್ಕು ಪಟ್ಟಾಗುತ್ತದೆ. ನನ್ನ ಟಾರ್ಪಾಲಿನಷ್ಟು ಅಗಲದ ಬಟ್ಟೆ ಗಾಳಿಗೆ ಎದುರಾಗಿ ನಿಂತರೆ ಗಂಟೆಗೆ 18 ಕಿಲೋಮೀಟರ್ ವೇಗಕ್ಕೆ ಐದಾರು ಕಿಲೋ ಭಾರದ ತಳ್ಳು ಬೀಳುತ್ತದೆ, 36 ಕಿಲೋಮೀಟರ್‌ಗೆ ಸುಮಾರು 22 ಕಿಲೋ. ಅದೂ ದೋಣಿಯ ಅಂಚಿನಿಂದ ಮೂರು ನಾಲ್ಕು ಅಡಿ ಮೇಲೆ. ಈ ಲೆಕ್ಕವನ್ನು ಮನೆಗೆ ಬಂದು ಕಾಗದದ ಮೇಲೆ ಮಾಡಿದೆ. ಕಟ್ಟುವ ಮುಂಚೆ ಮಾಡಬೇಕಾದ ಲೆಕ್ಕ ಅದು.

ಎರಡನೆಯ ಸಲ ಅಪ್ಪನನ್ನೇ ಮುಂದೆ ಕೂರಿಸಿಕೊಂಡು ಕೆಲಸ ಮಾಡಿದೆ. ಮುಂಭಾಗವನ್ನು ಮುಟ್ಟಲೇಬಾರದು ಎಂದರು, ಬೀಸುಬಲೆ ಎಸೆಯಲು ಅಲ್ಲಿ ಆಕಾಶ ಖಾಲಿ ಇರಬೇಕು. ನೆರಳು ಹಿಂದಿನ ಆರು ಅಡಿಗಷ್ಟೇ. ದೋಣಿಯ ಅಂಚಿಗೆ ಒಳಬದಿಯಿಂದ ಹಲಸಿನ ಹಲಗೆಯ ತುಂಡುಗಳನ್ನು ಕೊಟ್ಟು, ಕಂಬ ಇಳಿಸಿ ನಿಲ್ಲಿಸಲು ಎಂಟು ಅಂಗುಲದ ನಾಲ್ಕು ಸ್ಟೀಲ್ ಸಾಕೆಟ್ ಕೂರಿಸಿದೆ. ಹಲಗೆ ಕೊಟ್ಟಿದ್ದರಿಂದ ಎಳೆತ ಒಂದೇ ಬೋಲ್ಟಿನ ಮೇಲೆ ಬೀಳುವುದಿಲ್ಲ. ಉಪ್ಪುನೀರು ನಿಲ್ಲದಿರಲಿ ಎಂದು ಸಾಕೆಟ್ಟಿನ ತಳವನ್ನು ತೆರೆದೇ ಬಿಟ್ಟಿದ್ದೇನೆ. ಕಂಬಗಳು ಅಲ್ಯೂಮಿನಿಯಮ್, ಒಂದೇ ಕೈಯಲ್ಲಿ ಎತ್ತಬಹುದು. ಆದರೆ ಉಪ್ಪುನೀರಿನಲ್ಲಿ ಸ್ಟೀಲಿಗೆ ತಾಗಿದ ಅಲ್ಯೂಮಿನಿಯಮ್ ಬಲುಬೇಗ ಸವೆದು ಬಿಳಿ ಪುಡಿಯಾಗುತ್ತದೆ. ಆದ್ದರಿಂದ ಪ್ರತಿ ಸಾಕೆಟ್ಟಿನೊಳಗೆ ಪಿವಿಸಿ ಪೈಪಿನ ತೋಳು ತೊಡಿಸಿದೆ. ಯಾರ್ಡ್‌ನಲ್ಲಿ ಕಲಿತ ವಿದ್ಯೆಯಲ್ಲಿ ಅಪ್ಪನಿಗೆ ಉಪಯೋಗವಾದದ್ದು ಇದೊಂದು.

ಟಾರ್ಪಾಲಿನ ಬದಲು ನರ್ಸರಿಗಳಲ್ಲಿ ಸಸಿಗಳ ಮೇಲೆ ಹಾಕುವ ಹಸಿರು ಶೇಡ್ ನೆಟ್ ತಂದೆ, ಮುಕ್ಕಾಲು ಪಾಲು ಬಿಸಿಲು ತಡೆಯುವಂಥದ್ದು. ಕೂರುವ ಜಾಗದ ಮೇಲೆ ಎರಡು ಪದರ. ಗಾಳಿ ಸ್ವಲ್ಪ ತೂರಿ ಹೋಗುತ್ತದೆ, ಕೆಳಗೆ ಧಗೆ ನಿಲ್ಲುವುದಿಲ್ಲ. ಮಳೆ ತಡೆಯುವುದಿಲ್ಲ, ಅದು ಬೇಕಾಗಿಯೂ ಇಲ್ಲ. ಮಳೆಗಾಲದಲ್ಲಿ ದೋಣಿಯನ್ನು ದಡಕ್ಕೆಳೆದು ಮಗುಚಿಡುತ್ತೇವೆ. ಗಾಢ ಬಣ್ಣದಿಂದ ಇನ್ನೊಂದು ಲಾಭವಾಯಿತು. ನೀಲಿ ಟಾರ್ಪಾಲಿನ ಹೊಳೆಯುವ ಒಳಮೈ ನೀರಿನಿಂದ ಚಿಮ್ಮಿದ ಬೆಳಕನ್ನು ಮತ್ತೆ ಕಣ್ಣಿಗೇ ಎಸೆಯುತ್ತಿತ್ತು. ನೆಟ್ಟಿನ ಕೆಳಗೆ ಕಣ್ಣು ತಣ್ಣಗಿರುತ್ತದೆ. ಆದರೂ ಪಕ್ಕದ ನೀರಿನಿಂದ ನೇರವಾಗಿ ಬರುವ ಬೆಳಕನ್ನು ಯಾವ ಚಾವಣಿಯೂ ತಡೆಯದು, ಹಾಗಾಗಿ ಕಪ್ಪು ಕನ್ನಡಕ ಕಡ್ಡಾಯ ಎಂದು ಹಟ ಹಿಡಿದು ಒಪ್ಪಿಸಿದ್ದೇನೆ. ಇಲ್ಲಿನ ಹಳೆಯ ಮನೆಗಳ ಕಿಟಕಿಗಳಲ್ಲಿ ಗಾಜಿನ ಬದಲು ತೆಳುವಾದ ಚಿಪ್ಪುಗಳನ್ನು ಕೂರಿಸಿರುತ್ತಾರೆ. ಬೆಳಕು ಹಾಲಿನಂತೆ ಸೋಸಿ ಒಳಗೆ ಬರುತ್ತದೆ. ಆ ಜಾತಿಯ ಚಿಪ್ಪು ಅಪ್ಪ ದೋಣಿ ಕಟ್ಟುವ ಚಿಖಲಿಯ ಕೆಸರಿನಲ್ಲೇ ಬದುಕುತ್ತದೆ. ಬಿಸಿಲನ್ನು ಮೆದು ಮಾಡುವ ವಸ್ತು ಕಾಲ ಕೆಳಗೇ ಇದೆ ಎಂದು ನೆನೆದಾಗಲೆಲ್ಲ ನನಗೆ ಸಂತೋಷವಾಗುತ್ತದೆ.

ನೆಟ್ಟಿನ ಅಂಚು ಹೊಲಿದವರು ವಾಸ್ಕೋದಲ್ಲಿ ರಿಕ್ಷಾ ಹುಡ್ ಹೊಲಿಯುವ ಗದಗದ ಕಾಕಾ. ಹತ್ತಿಯ ದಾರ ಉಪ್ಪಿಗೆ ಕೊಳೆಯುತ್ತದೆ, ನೈಲಾನ್ ಬಿಸಿಲಿಗೆ ಸೋಲುತ್ತದೆ ಎಂದು ಪಾಲಿಯೆಸ್ಟರ್ ದಾರ ಹಾಕಿದರು. ಅಂಚನ್ನು ಎರಡು ಸಲ ಮಡಿಚಿ, ಒಳಗೆ ಪಟ್ಟಿ ಕೊಟ್ಟು, ಹಿತ್ತಾಳೆಯ ರಿಂಗ್ ಬಡಿದರು. ದೋಣಿಗೆಂದು ಹೇಳಿದ ಮೇಲೆ ಕೂಲಿಯ ಮಾತನ್ನೇ ಎತ್ತಲಿಲ್ಲ. ಒಂದು ಕಿಲೋ ನೊಗ್ಲಿ ಕೊಟ್ಟು ಬಂದೆವು.

ಗಂಟುಗಳು ಅಪ್ಪನವು. ನಾಲ್ಕು ಮೂಲೆಗೂ ಜೀರುಗುಣಿಕೆ, ಬಾಲ ಹಿಡಿದು ಎಳೆದರೆ ಸರ್ರನೆ ಬಿಚ್ಚಿಕೊಳ್ಳುತ್ತದೆ. ಗಾಳಿ ಬರುವ ಕಡೆಯ ಎರಡು ಗಂಟುಗಳನ್ನು ಮೊದಲು ಬಿಚ್ಚಬೇಕು. ಆಗ ನೆಟ್ ಹಿಂದಕ್ಕೆ ಹಾರಿ ಬಾವುಟದಂತೆ ತೂಗುತ್ತದೆ, ಗಾಳಿ ತುಂಬಿಕೊಳ್ಳುವುದಿಲ್ಲ. ಇಳಿತಕ್ಕೆ ಒಂದು ಮುಖ, ಭರತಕ್ಕೆ ಇನ್ನೊಂದು ಮುಖ ಮಾಡುವ ದೋಣಿಯಲ್ಲಿ ಗಾಳಿಯ ಕಡೆ ಯಾವುದೆಂದು ಮೊದಲೇ ಹೇಳಲಾಗದು. ಅದಕ್ಕೇ ನಾಲ್ಕಕ್ಕೂ ಒಂದೇ ಗಂಟು. ಚಳಿಗಾಲದ ವಾಲು ಬಿಸಿಲಿಗೆಂದು ಎರಡೂವರೆ ಅಡಿಯ ಒಂದು ಪರದೆ ಬೇರೆ ಮಾಡಿದ್ದೇವೆ. ದಕ್ಷಿಣ ಯಾವ ಪಕ್ಕಕ್ಕೆ ಬರುತ್ತದೋ ಆ ಪಕ್ಕಕ್ಕೆ ಇಳಿಬಿಡುವುದು.

ಏಪ್ರಿಲ್‌ನ ಮೊದಲ ಭಾನುವಾರ ದಡದ ಹತ್ತಿರ ಲಂಗರು ಹಾಕಿ ಅಪ್ಪನಿಂದ ಬಿಚ್ಚಿಸಿ ನೋಡಿದೆ. ನಾನು ನೂರರ ತನಕ ಎಣಿಸಲು ಸಿದ್ಧನಾಗಿದ್ದೆ. ಮೂವತ್ತೆಂಟಕ್ಕೆ ನೆಟ್ ಸುರುಳಿಯಾಗಿ ಹಲಗೆಯ ಕೆಳಗೆ ಹೋಯಿತು, ಕಂಬಗಳು ದೋಣಿಯ ತಳದಲ್ಲಿ ಮಲಗಿದವು. "ಇನ್ನೊಮ್ಮೆ," ಎಂದರು ಅಪ್ಪ, ಮತ್ತೆ ಕಟ್ಟತೊಡಗಿದರು. ಎರಡನೆಯ ಸಲ ಮೂವತ್ತೊಂದು.