ಚೀಲದ ತೂಕ

ಕಾಲೇಜ್ ಮ್ಯಾಗಜಿನ್‌ನ ಈ ಸಲದ ಸಂಚಿಕೆಗೆ ಏನಾದರೂ ಬರೆದುಕೊಡಿ ಅಂತ ಮೆಸೇಜ್ ಬಂದಾಗ ಮೊದಲು ಮೂಗಿಗೆ ಬಂದದ್ದು ಎನ್‌ಸಿಸಿ ಸ್ಟೋರ್‌ರೂಮಿನ ವಾಸನೆ. ಬೂಟ್ ಪಾಲಿಶ್, ಒದ್ದೆ ಕ್ಯಾನ್ವಾಸ್, ಜೊತೆಗೆ ಎಲ್ಲೋ ಸತ್ತ ಇಲಿ. ನಾನು ಬಿ.ಕಾಂ. ಓದಿದ್ದು 2004ರಿಂದ 2007ರವರೆಗೆ. ಅಕೌಂಟೆನ್ಸಿ ಎಷ್ಟು ನೆನಪಿದೆ ಅಂತ ಕೇಳಬೇಡಿ. ಭಾನುವಾರದ ಪರೇಡ್ ಮಾತ್ರ ಚೆನ್ನಾಗಿ ನೆನಪಿದೆ.

ನನ್ನ ಪಾದ ನಾಲ್ಕನೇ ಸೈಜು, ಸಿಕ್ಕಿದ ಬೂಟು ಆರನೇ ಸೈಜು. ಮುಂದೆ ಹಳೇ ಪೇಪರ್ ತುರುಕಿಕೊಂಡು ಸರ್ಪದಾರಿಯಿಂದ ಮುಳ್ಳಯ್ಯನಗಿರಿ ಹತ್ತಿದೆ. ಬೆನ್ನಿಗೆ ಪಿಟ್ಟು, ಅಂದ್ರೆ ಎನ್‌ಸಿಸಿ ಬೆನ್ನುಚೀಲ. ಅರ್ಧ ದಾರಿಯಲ್ಲೇ ಹಿಮ್ಮಡಿಯಲ್ಲಿ ಬೊಬ್ಬೆ ಎದ್ದು ಒಡೆದು ಸಾಕ್ಸ್ ಅಂಟಿಕೊಂಡಿತ್ತು. ತುದಿಯಲ್ಲಿ ಗಾಳಿಗೆ ನಿಲ್ಲೋಕೂ ಆಗ್ತಿರಲಿಲ್ಲ. ಹವಾಲ್ದಾರ್ ಸಾಬ್ ನನ್ನನ್ನು ಗುಡಿಯ ಗೋಡೆ ಮರೆಗೆ ಕೂರಿಸಿ ಬೂಟು ಬಿಚ್ಚಿಸಿದರು. ಅವರದು ಅರ್ಧ ಹಿಂದಿ, ಅರ್ಧ ಕನ್ನಡ. "ಬೇಟಾ, ಭಾರ ಏನೂ ಮಾಡಲ್ಲ. ಬೆವರು ಮಾಡ್ತದೆ. ಸಾಕ್ಸ್ ಬದಲಾಯಿಸು." ಒಂದು ಜೊತೆ ಒಣ ಸಾಕ್ಸ್ ಕೊಟ್ಟರು. ಅವರದ್ದೇ. ಮೊಣಕಾಲಿನವರೆಗೂ ಬರ್ತಿತ್ತು.

ಆ ಮಾತು ಉಪಯೋಗಕ್ಕೆ ಬಂದದ್ದು 2019ರ ಮಾರ್ಚ್‌ನಲ್ಲಿ, ಅಮೆರಿಕದ ನ್ಯೂ ಮೆಕ್ಸಿಕೋದ ಮರಳುಗಾಡಿನಲ್ಲಿ.

ಕೆಲಸದ ಮೇಲೆ ನಾನು ಪಕ್ಕದ ಟೆಕ್ಸಸ್ ರಾಜ್ಯದ ಎಲ್ ಪಾಸೋ ಊರು ಸೇರಿದ್ದೆ. ಅಲ್ಲಿಂದ ಒಂದು ಗಂಟೆ ದಾರಿ ವೈಟ್ ಸ್ಯಾಂಡ್ಸ್ ಅನ್ನೋ ಮಿಸೈಲ್ ರೇಂಜ್, ಅಂದ್ರೆ ಸೇನೆಯ ಕ್ಷಿಪಣಿ ಪರೀಕ್ಷೆ ಜಾಗ. ಅಲ್ಲಿ ಪ್ರತಿ ವರ್ಷ ಬತಾನ್ ಸ್ಮಾರಕ ನಡಿಗೆ ಆಗುತ್ತೆ. 26.2 ಮೈಲಿ, ಅಂದ್ರೆ 42 ಕಿಲೋಮೀಟರ್. ನಮ್ಮ ಲೆಕ್ಕದಲ್ಲಿ ಚಿಕ್ಕಮಗಳೂರಿನಿಂದ ಕಡೂರಿಗೆ ನಡೆದ ಹಾಗೆ, ಸ್ವಲ್ಪ ಜಾಸ್ತಿನೇ. 'ಹೆವಿ' ಅನ್ನೋ ವಿಭಾಗಕ್ಕೆ ಸೇರಿದರೆ ಬೆನ್ನ ಮೇಲೆ ಕನಿಷ್ಠ 35 ಪೌಂಡ್, ಹತ್ತಿರ ಹತ್ತಿರ 16 ಕೆಜಿ ಇರಬೇಕು. ಹೆಂಗಸರಿಗೆ ರಿಯಾಯಿತಿ ಇಲ್ಲ. ಮುಗಿದ ಮೇಲೆ ತೂಗಿ ನೋಡ್ತಾರೆ.

ಇದು ಹುಟ್ಟಿದ ಕಥೆ ಕೇಳಿದಾಗ ನನಗೆ ನಮ್ಮ ಗ್ರೌಂಡೇ ಕಣ್ಣ ಮುಂದೆ ಬಂತು. 1989ರಲ್ಲಿ ಶುರು ಮಾಡಿದ್ದು ಅಲ್ಲಿನ ಯೂನಿವರ್ಸಿಟಿಯೊಂದರ ಆರ್‌ಒಟಿಸಿ, ಅಂದ್ರೆ ನಮ್ಮ ಎನ್‌ಸಿಸಿ ಥರದ್ದೇ. ಹಿಂದಿನ ಘಟನೆ ಮಾತ್ರ ಭಯಂಕರ. 1942ರ ಏಪ್ರಿಲ್ 9ರಂದು ಫಿಲಿಪ್ಪೀನ್ಸ್‌ನ ಬತಾನ್‌ನಲ್ಲಿ ಸುಮಾರು 75,000 ಫಿಲಿಪಿನೋ ಮತ್ತು ಅಮೆರಿಕನ್ ಸೈನಿಕರು ಜಪಾನಿನ ಸೇನೆಗೆ ಶರಣಾದರು. ಮೊದಲೇ ಅರೆಹೊಟ್ಟೆ, ಮಲೇರಿಯಾ. ಅಂಥವರನ್ನು ಉರಿಬಿಸಿಲಲ್ಲಿ ನೂರು ಕಿಲೋಮೀಟರ್‌ಗೂ ಮೇಲೆ ನಡೆಸಿದರು. ನೀರಿಗೆ ಅಂತ ಸಾಲು ಬಿಟ್ಟವರನ್ನು, ಕುಸಿದು ಕೂತವರನ್ನು ಕೊಂದರು. ಅವರಲ್ಲಿ ನ್ಯೂ ಮೆಕ್ಸಿಕೋದಿಂದಲೇ ಹೋಗಿದ್ದವರು ಸುಮಾರು 1800 ಜನ. ಯುದ್ಧ ಮುಗಿದಾಗ ಮನೆಗೆ ಬಂದದ್ದು ಅದರಲ್ಲಿ ಅರ್ಧದಷ್ಟು.

ಹೆಸರು ಕೊಟ್ಟ ದಿನ ಅವ್ವನಿಗೆ ಫೋನ್ ಮಾಡಿದೆ.

"ಹೊರೆ ಹೊರಕ್ಕೆ ಎಷ್ಟು ಕೊಡ್ತಾರಂತೆ?"

"ಅವರು ಕೊಡಲ್ಲ ಅವ್ವ, ನಾನೇ ದುಡ್ಡು ಕಟ್ಟಿದ್ದೀನಿ."

ಆ ಕಡೆಯಿಂದ ತುಂಬಾ ಹೊತ್ತು ಮಾತಿಲ್ಲ. ಅವ್ವನ ಅರ್ಧ ಆಯಸ್ಸು ಕಳೆದದ್ದು ಕಾಫಿ ಕುಯ್ಲಲ್ಲಿ. ಸಂಜೆ ಹಣ್ಣಿನ ಚೀಲ ತಲೆ ಮೇಲೆ ಹೊತ್ತು ಕಣದವರೆಗೆ ಬಂದು ತೂಕಕ್ಕೆ ಸಾಲು ನಿಲ್ಲಬೇಕು. ತೋಟದ ಲೆಕ್ಕ ಬರೆಯೋ ರೈಟ್ರು ತಕ್ಕಡಿ ಮುಳ್ಳು ನೋಡಿ, ಚೀಲದ ತೂಕ ಅಂತ ಒಂದು ಕೆಜಿ ಕಳೆದು ಬರ್ಕೋತಿದ್ದರು. ಖಾಲಿ ಗೋಣಿಚೀಲ ಒಂದು ಕೆಜಿ ತೂಗುತ್ತಾ ಅಂತ ಕೇಳೋ ಧೈರ್ಯ ಯಾರಿಗೂ ಇರಲಿಲ್ಲ. ರಜೆ ದಿನ ನಾನೂ ಆ ಸಾಲಲ್ಲಿ ನಿಂತವಳೇ.

ಕೊನೆಗೆ ಅವ್ವ ಹೇಳಿದ್ದು ಇಷ್ಟು: "ಚೀಲ ಅಲ್ಲಾಡದ ಹಾಗೆ ಕಟ್ಟು. ಅಲ್ಲಾಡೋ ಚೀಲ ಎರಡರಷ್ಟು ಭಾರ."

ತುಂಬಾ ಜನ ತೂಕಕ್ಕೆ ಅಂತ ಬೇಳೆಕಾಳು ತುಂಬಿಕೊಂಡು ನಡೆದು, ಆಮೇಲೆ ದಾನ ಕೊಡ್ತಾರೆ. ನಾನು ಅಕ್ಕಿ ತುಂಬಿದೆ. ಕೆಳಗೆ ಟವೆಲ್ ಸುತ್ತಿಟ್ಟು, ಅಕ್ಕಿ ಪೊಟ್ಟಣಗಳನ್ನು ಬೆನ್ನಿಗೆ ಒತ್ತಿ ಕೂರೋ ಹಾಗೆ ಮೇಲೆ ಜೋಡಿಸಿ, ಸುತ್ತ ಹಗ್ಗ ಬಿಗಿದೆ. ಹಳೇ ದುಪಟ್ಟಾ ಹರಿದು ಸಿಂಬೆ ಥರ ಸುತ್ತಿ ಎರಡೂ ಭುಜದ ಪಟ್ಟಿ ಕೆಳಗೆ ಇಟ್ಟುಕೊಂಡೆ. ಪಕ್ಕದಲ್ಲಿದ್ದ ಸೈನಿಕ ಹುಡುಗ ಅದನ್ನೇ ನೋಡ್ತಿದ್ದ. ನೋಡ್ಲಿ ಬಿಡು ಅಂದ್ಕೊಂಡೆ.

ಬೆಳಕು ಹರಿಯೋ ಮುಂಚೆ ಸಾವಿರಾರು ಜನ ಚಳಿಯಲ್ಲಿ ನಿಂತಿದ್ದೆವು. ಬತಾನ್‌ನಿಂದ ಬದುಕಿ ಬಂದವರ ಹೆಸರು ಕೂಗಿದರು, ಹಾಜರಿ ಥರ. ಅವತ್ತು ಅಲ್ಲಿಗೆ ಬಂದಿದ್ದವರು ಓಗೊಟ್ಟರು. ತೀರಿಕೊಂಡವರ ಹೆಸರು ಕೂಗಿದಾಗ ಯಾರೂ ಉತ್ತರಿಸಲಿಲ್ಲ, ಮುಂದಿನ ಹೆಸರಿಗೆ ಹೋದರು. ಅಷ್ಟು ಜನರಲ್ಲಿ ಒಂದು ಕೆಮ್ಮೂ ಕೇಳಲಿಲ್ಲ.

ಬತಾನ್‌ನಿಂದ ಬದುಕಿ ಬಂದ ಬೆನ್ ಸ್ಕಾರ್ಡನ್ ಅನ್ನೋ ಹಿರಿಯರು ಆ ವರ್ಷವೂ ನಡೆಯಲು ಬಂದಿದ್ದರು. ಆಗ ಅವರಿಗೆ 101 ವರ್ಷ. ಇವರ ವಿಷಯ ಕಾಲೇಜ್ ಮ್ಯಾಗಜಿನ್‌ನಲ್ಲಿ ಹೇಳಲೇಬೇಕು. ಸೆರೆಶಿಬಿರದಲ್ಲಿ ಅವರು ಸಾಯೋ ಸ್ಥಿತಿಯಲ್ಲಿದ್ದಾಗ ಅವರನ್ನು ನೋಡಿಕೊಂಡವರು ಇಬ್ಬರು, ಇಬ್ಬರೂ ಅವರದೇ ಕ್ಲೆಮ್ಸನ್ ಕಾಲೇಜಿನವರು. ಸ್ಕಾರ್ಡನ್ ಹೇಗೋ ಬಚ್ಚಿಟ್ಟುಕೊಂಡಿದ್ದ ಕಾಲೇಜಿನ ಚಿನ್ನದುಂಗುರ ಕೊಟ್ಟು ಊಟಕ್ಕೆ ಒಂದು ಕೋಳಿ, ಒಂದು ಡಬ್ಬಿ ಮಾಂಸ ತಂದು ತಿನ್ನಿಸಿ ಬದುಕಿಸಿದರು. ಆ ಇಬ್ಬರೂ ಊರಿಗೆ ಬರಲಿಲ್ಲ. ಸ್ಕಾರ್ಡನ್ ತೊಂಬತ್ತರ ಮೇಲೆ ಇಲ್ಲಿ ನಡೆಯಲು ಶುರು ಮಾಡಿ, 2021ರಲ್ಲಿ, 104ನೇ ವಯಸ್ಸಿನಲ್ಲಿ ತೀರಿಕೊಂಡರು.

ನಡಿಗೆ ಶುರುವಾದಾಗ ನನಗೆ ಒಂಚೂರು ಜಂಬ ಇತ್ತು. ದಾರಿಯಲ್ಲಿ ಸಿಗೋ ಗುಡ್ಡದ ಎತ್ತರ 1600 ಮೀಟರ್ ಆಸುಪಾಸು. ನಮ್ಮ ಮುಳ್ಳಯ್ಯನಗಿರಿ 1930, ನಾವು ಕಂಡಿಲ್ಲದ ಬೆಟ್ಟವಾ ಅಂತ. ಆದರೆ ನಮ್ಮಲ್ಲಿ ಶೋಲಾ ಕಾಡಿದೆ, ಮಂಜಿದೆ, ಬಂಡೆ ಸಂದಿಯಲ್ಲಿ ನೀರು ಜಿನುಗುತ್ತೆ. ಇಲ್ಲಿ ಮೊಣಕಾಲುದ್ದದ ಮುಳ್ಳುಗಿಡ, ಧೂಳು, ಅಷ್ಟೇ. ಹತ್ತು ಗಂಟೆಗೆ ತುಟಿ ಒಡೆಯಿತು. ಏರು ಮುಗಿಯಿತು ಅಂದ್ಕೊಂಡಾಗಲೆಲ್ಲ ಇನ್ನೊಂದು ತಿರುವು, ಇನ್ನೊಂದು ಏರು. ಹನ್ನೆರಡನೇ ಮೈಲಿ ಹೊತ್ತಿಗೆ ಹಿಮ್ಮಡಿಯಲ್ಲಿ ಆ ಹಳೇ ಉರಿ ಶುರುವಾಯ್ತು, ಹದಿನೈದು ವರ್ಷ ಅದು ಅಲ್ಲೇ ಕೂತು ಕಾಯ್ತಾ ಇದ್ದ ಹಾಗೆ. ರಸ್ತೆ ಪಕ್ಕ ಕೂತು ಬೂಟು ಬಿಚ್ಚಿ, ಒದ್ದೆ ಸಾಕ್ಸ್ ಚೀಲಕ್ಕೆ ಸಿಕ್ಕಿಸಿ, ಒಣ ಸಾಕ್ಸ್ ಹಾಕ್ಕೊಂಡೆ. ಮೂರು ಜೊತೆ ತಂದಿದ್ದೆ ಸಾಬ್, ಮೂರೂ ಖರ್ಚಾಯ್ತು.

ಇಪ್ಪತ್ತು ಮೈಲಿ ದಾಟಿದ ಮೇಲೆ ಮರಳಿನ ಹಳ್ಳ. ಕಾಲು ಇಟ್ಟರೆ ಗೆಣ್ಣಿನವರೆಗೆ ಹೂತು ಹೋಗುತ್ತೆ, ಎರಡು ಹೆಜ್ಜೆಗೆ ಒಂದು ಹೆಜ್ಜೆ ಹಿಂದಕ್ಕೆ. ಅಲ್ಲಿ ಕೃತಕ ಕಾಲು ಹಾಕಿಕೊಂಡ ಒಬ್ಬ ಮಾಜಿ ಸೈನಿಕ ನನಗಿಂತ ಮುಂದೆ ಇದ್ದ. ಪ್ರತಿ ಹೆಜ್ಜೆಗೂ ಆ ಕಾಲನ್ನು ಕೈಯಲ್ಲಿ ಹಿಡಿದು ಎತ್ತಿ, ಮರಳು ಕೊಡವಿ ಇಡ್ತಿದ್ದ. ನಾನು ಅವನನ್ನು ದಾಟಲಿಲ್ಲ. ಮರ್ಯಾದೆಗೆ ಅಂತ ಹೇಳಬಹುದು, ನಿಜ ಏನಂದ್ರೆ ದಾಟೋಕೆ ಆಗಲಿಲ್ಲ.

ಕೊನೆಯ ನಾಲ್ಕು ಮೈಲಿ ಬಗ್ಗೆ ಬರೆಯೋಕೆ ಏನೂ ಇಲ್ಲ. ನಡೆದೆ.

ಮುಗಿಸಿದಾಗ ಹತ್ತಿರ ಹತ್ತಿರ ಹತ್ತು ಗಂಟೆ ಆಗಿತ್ತು. ಪದಕಕ್ಕಿಂತ ಮುಂಚೆ ನನಗೆ ಬೇಕಾಗಿದ್ದು ತಕ್ಕಡಿ. ಚೀಲ ಇಳಿಸಿದ ತಕ್ಷಣ ಗಾಳಿಯಲ್ಲಿ ತೇಲಿದ ಹಾಗಾಗಿ ಮುಂದಕ್ಕೆ ಮುಗ್ಗರಿಸಿದೆ, ಒಬ್ಬ ಹುಡುಗಿ ಹಿಡಿದುಕೊಂಡಳು. ಚೀಲ 36 ಪೌಂಡ್ ಮೇಲೆ ತೂಗಿತು. ಅಕ್ಕಿ ಅಲ್ಲೇ ದಾನಕ್ಕೆ ಕೊಟ್ಟೆ.

ಊರಲ್ಲಿ ಆಗ ಬೆಳಗಿನ ಜಾವ ನಾಲ್ಕೂವರೆ. ಅವ್ವ ಹೇಗೂ ಎದ್ದಿರ್ತಾಳೆ ಅಂತ ಅಲ್ಲೇ ನೆಲದಲ್ಲಿ ಕೂತು ಫೋನ್ ಮಾಡಿದೆ.

"ಎಷ್ಟು ತೂಗ್ತು?"

"ಹದಿನಾರು ಕೆಜಿ ಮೇಲೆ, ಅವ್ವ."

"ಚೀಲದ್ದು ಕಳೆದ್ರಾ?"

"ಇಲ್ಲ, ಚೀಲ ಸೇರಿಸೇ ತೂಗಿದ್ರು."

"ಪರವಾಗಿಲ್ಲ, ಒಳ್ಳೇ ಜನ," ಅಂದಳು ಅವ್ವ.