ಮೆಟ್ರೋ ತಲೆಯೆಣಿಕೆ: ಆರು ವಾರದ ಡೈರಿ

ವಾರ 1

ಶುರು ಮಾಡಿದ್ದು ಸುಮ್ನೆ ಕುತೂಹಲಕ್ಕೆ. ಜಗತ್ತಿನ ಯಾವ ಮೆಟ್ರೋದಲ್ಲಿ ಜನ ಜಾಸ್ತಿ ಓಡಾಡುತ್ತಾರೆ? ಒಂದು ಪಟ್ಟಿ, ಅದಕ್ಕೊಂದು ಬಾರ್ ಚಾರ್ಟ್, ಅಷ್ಟೇ. ಎರಡು ಸಂಜೆಯ ಕೆಲಸ ಅಂದುಕೊಂಡಿದ್ದೆ. ಕೋವಿಡ್‌ಗೆ ಮುಂಚಿನ ಕೊನೆಯ ಪೂರ್ತಿ ವರ್ಷ ಅಂತ 2019 ಅನ್ನು ಆರಿಸಿಕೊಂಡೆ.

ಮೊದಲ ದಿನವೇ ಎಡವಿದೆ. ಶಾಂಘೈ ಮೆಟ್ರೋ ಲಂಡನ್‌ಗಿಂತ ಎಷ್ಟೋ ಕೆಳಗೆ ಬಂದು ಕೂತಿತ್ತು. ಆಗಲೇ 700 ಕಿಲೋಮೀಟರಿನ ಆಸುಪಾಸಿದ್ದ ಜಾಲಕ್ಕೆ ವರ್ಷಕ್ಕೆ ಬರೀ 38.8 ಕೋಟಿ ಪ್ರಯಾಣ? ಹುಡುಕಿದರೆ ತಪ್ಪು ನನ್ನದೇ. ಚೀನಾದವರು ದೊಡ್ಡ ಸಂಖ್ಯೆಗಳನ್ನು 'ವಾನ್' ಮತ್ತು 'ಯಿ' ಲೆಕ್ಕದಲ್ಲಿ ಬರೆಯುತ್ತಾರೆ. ವಾನ್ ಎಂದರೆ ಹತ್ತು ಸಾವಿರ, ಯಿ ಎಂದರೆ ಹತ್ತು ಕೋಟಿ. ನಾನು ಯಿ ಅನ್ನು ಕೋಟಿ ಎಂದುಕೊಂಡು ಹಾಗೇ ಇಳಿಸಿಬಿಟ್ಟಿದ್ದೆ. ಲಕ್ಷ-ಕೋಟಿಯಲ್ಲಿ ಎಣಿಸಿ ಬೆಳೆದವರಿಗೆ ಮಿಲಿಯನ್-ಬಿಲಿಯನ್ನೇ ತಲೆನೋವು, ಈಗ ಇದೊಂದು.

ಸರಿ ಮಾಡಿದ ಮೇಲೆ ಪಟ್ಟಿ ಹೀಗಿತ್ತು: ಬೀಜಿಂಗ್ 396 ಕೋಟಿ, ಶಾಂಘೈ 388 ಕೋಟಿ, ಮಾಸ್ಕೋ 256 ಕೋಟಿ, ನ್ಯೂಯಾರ್ಕ್ 170 ಕೋಟಿ, ಮೆಕ್ಸಿಕೋ ಸಿಟಿ ಸುಮಾರು 160 ಕೋಟಿ, ಪ್ಯಾರಿಸ್ ಸುಮಾರು 150 ಕೋಟಿ. ಲಂಡನ್‌ಗೆ 2018-19ರ ಲೆಕ್ಕ ಸಿಕ್ಕಿತು, 138 ಕೋಟಿ. ಚಾರ್ಟ್ ಚೆನ್ನಾಗಿಯೇ ಬಂತು. ಬಣ್ಣ ಕೂಡ ಹಚ್ಚಿದೆ. ಆ ಚಾರ್ಟ್ ಈಗ ಕಸದ ಫೋಲ್ಡರಿನಲ್ಲಿದೆ.

ವಾರ 2

ಕಸಕ್ಕೆ ಹೋಗಿದ್ದು ಯಾಕೆಂದರೆ, ಆ ಏಳು ಸಂಖ್ಯೆಗಳು ಒಂದೇ ವಸ್ತುವಿನ ಲೆಕ್ಕ ಅಲ್ಲ.

ಒಬ್ಬಾಕೆ ಮನೆಯಿಂದ ಆಫೀಸಿಗೆ ಹೊರಟಿದ್ದಾಳೆ ಅಂದುಕೊಳ್ಳಿ. ಒಂದು ಲೈನ್ ಹತ್ತಿ, ನಡುವೆ ಇಳಿದು ಎರಡನೇ ಲೈನ್, ಆಮೇಲೆ ಮೂರನೇ ಲೈನ್. ಗೇಟ್ ದಾಟಿ ಒಳಗೆ ಬಂದಿದ್ದು ಒಂದೇ ಸಲ. ನ್ಯೂಯಾರ್ಕಿನ ಮೆಟ್ರೋ ಸಂಸ್ಥೆ ಎಂಟಿಎ ಇದನ್ನು ಒಂದು ಎಂದು ಬರೆದುಕೊಳ್ಳುತ್ತದೆ. ಬೀಜಿಂಗ್‌ನಲ್ಲಿ ಅದೇ ಪ್ರಯಾಣ ಮೂರು. ಅಲ್ಲಿ 'ಪ್ರಯಾಣಿಕರ ಸಂಖ್ಯೆ' ಎಂದರೆ ಗೇಟಿನಲ್ಲಿ ಒಳಬಂದವರು ಮತ್ತು ಲೈನ್ ಬದಲಿಸಿದವರು, ಎರಡೂ ಕೂಡಿಸಿದ ಮೊತ್ತ. ಬರೀ ಒಳಬಂದವರ ಸಂಖ್ಯೆಯನ್ನು ಬೇರೆ ಹೆಸರಿನಲ್ಲಿ ಕೊಡುತ್ತಾರೆ. ಯಾರೂ ಮೋಸ ಮಾಡುತ್ತಿಲ್ಲ. ಪ್ರತಿ ಲೈನಿನಲ್ಲಿ ಎಷ್ಟು ರೈಲು ಓಡಿಸಬೇಕು ಎಂದು ತಿಳಿಯಬೇಕಾದವರಿಗೆ ಬೀಜಿಂಗ್ ಲೆಕ್ಕವೇ ಸರಿ. ಟಿಕೆಟ್ ಆದಾಯ ನೋಡುವವರಿಗೆ ನ್ಯೂಯಾರ್ಕ್ ಲೆಕ್ಕ ಸರಿ. ಎರಡನ್ನೂ ಒಂದೇ ಚಾರ್ಟಿನಲ್ಲಿ ನಿಲ್ಲಿಸಿದ ನಾನು ತಪ್ಪು.

ಇದರಿಂದ ಎಷ್ಟು ವ್ಯತ್ಯಾಸ ಆಗಬಹುದು? ಇದಕ್ಕೆ ಉತ್ತರ ನ್ಯೂಯಾರ್ಕ್‌ನಲ್ಲೇ ಸಿಕ್ಕಿತು. 2023ಕ್ಕೆ ಎಂಟಿಎ ಹೇಳುವ ಸಬ್‌ವೇ (ಮೆಟ್ರೋಗೆ ಅಲ್ಲಿನ ಹೆಸರು) ಸಂಖ್ಯೆ ಸುಮಾರು 115 ಕೋಟಿ. ಅಮೆರಿಕದ ಸಾರ್ವಜನಿಕ ಸಾರಿಗೆ ಸಂಘ ಆಪ್ಟಾ ಅದೇ ಸಬ್‌ವೇಗೆ, ಅದೇ ವರ್ಷಕ್ಕೆ, 200 ಕೋಟಿಗಿಂತ ಜಾಸ್ತಿ ತೋರಿಸುತ್ತದೆ. ಆಪ್ಟಾ ಎಣಿಸುವುದು ಪ್ರತಿ ಸಲ ರೈಲು ಹತ್ತಿದ್ದನ್ನು. ಊರು ಅದೇ, ರೈಲು ಅದೇ, ಜನ ಅವರೇ. ಎಣಿಸುವ ಕ್ರಮ ಬದಲಾದದ್ದಕ್ಕೇ ಮುಕ್ಕಾಲು ಪಾಲು ಹೆಚ್ಚಾಯಿತು! ಇದನ್ನು ನೋಡಿದ ರಾತ್ರಿ ಸ್ಪ್ರೆಡ್‌ಶೀಟಿನಲ್ಲಿ 'ಏನನ್ನು ಎಣಿಸಿದ್ದಾರೆ' ಅಂತ ಹೊಸ ಕಾಲಂ ಹಾಕಿದೆ. ಈಗ ಇಡೀ ಪ್ರಾಜೆಕ್ಟಿನಲ್ಲಿ ನನಗೆ ಬೇಕಾದ ಕಾಲಂ ಅದೊಂದೇ.

ದೆಹಲಿ ಮೆಟ್ರೋ ಕೂಡ ಈಗ ಬಳಸಿದ ಲೈನುಗಳ ಲೆಕ್ಕದಲ್ಲಿ ಸಂಖ್ಯೆ ಕೊಡುತ್ತದೆ. ಹಾಗಾಗಿ ಅದರ ಈಗಿನ ಸಂಖ್ಯೆಯನ್ನು ಹಳೆಯ ಗೇಟ್ ಲೆಕ್ಕದ ಪಕ್ಕ ಇಟ್ಟರೆ ಗ್ರಾಫ್ ಒಮ್ಮೆಲೇ ಮೇಲಕ್ಕೆ ಹಾರುತ್ತದೆ. ಆ ಹಾರಿಕೆಯನ್ನು ನಾನೂ ಒಂದು ದಿನ ನಿಜ ಎಂದು ನಂಬಿದ್ದೆ.

ವಾರ 3

ಬೇರೆಯವರ ಮೊತ್ತ ನಂಬುವುದಕ್ಕಿಂತ ನಾನೇ ಒಮ್ಮೆ ಬುಡದಿಂದ ಎಣಿಸೋಣ ಅನಿಸಿತು. ಎಂಟಿಎ ಹಿಂದೆ ಒಂದೊಂದು ಟರ್ನ್‌ಸ್ಟೈಲಿನ (ಒಬ್ಬೊಬ್ಬರನ್ನೇ ಒಳಬಿಡುವ ತಿರುಗು ಗೇಟಿನ) ಲೆಕ್ಕವನ್ನೂ ಪ್ರಕಟಿಸುತ್ತಿತ್ತು, ನಾಲ್ಕು ಗಂಟೆಗೊಂದು ಸಾಲಿನಂತೆ. ಅದನ್ನು ಇಳಿಸಿಕೊಂಡೆ.

ಇದರಲ್ಲಿ ಒಂದು ಮಜಾ ಇದೆ. ಅದು ಆ ನಾಲ್ಕು ಗಂಟೆಯಲ್ಲಿ ಎಷ್ಟು ಜನ ಬಂದರು ಎಂದು ಹೇಳುವುದಿಲ್ಲ. ಗಾಡಿಯ ಓಡೋಮೀಟರ್ ಹಾಗೆ, ಅವತ್ತಿನವರೆಗಿನ ಒಟ್ಟು ಓಟವನ್ನು ತೋರಿಸುತ್ತದೆ. ಮುಂದಿನ ಸಾಲಿನಿಂದ ಹಿಂದಿನ ಸಾಲನ್ನು ಕಳೆದರೆ ಉತ್ತರ. ಕಳೆದೆ. ಒಂದು ಗೇಟಿನಲ್ಲಿ ನಾಲ್ಕು ಗಂಟೆಗೆ ಕೋಟಿಗಟ್ಟಲೆ ಜನ ನುಗ್ಗಿದ್ದರು. ಇನ್ನೊಂದರಲ್ಲಿ ಉತ್ತರ ಮೈನಸ್. ಕೌಂಟರ್ ಮಧ್ಯದಲ್ಲಿ ರೀಸೆಟ್ ಆಗಿ ಬೇರೆಯೇ ಸಂಖ್ಯೆಗೆ ಹಾರಿದರೆ ಮೊದಲನೆಯ ಥರ ಆಗುತ್ತದೆ. ಕೆಲವು ಕೌಂಟರ್‌ಗಳಂತೂ ಉಲ್ಟಾ ಓಡುತ್ತವೆ, ಒಬ್ಬರು ಒಳಬಂದರೆ ಒಂದು ಕಡಿಮೆ. ಅವಕ್ಕೆ ಮೈನಸ್ ತೆಗೆದುಹಾಕಿದರೆ ಸಾಕು, ಸಂಖ್ಯೆ ಸರಿಯಾಗಿಯೇ ಇರುತ್ತದೆ. ರೀಸೆಟ್ ಆದವನ್ನು ಹಿಡಿಯಲು ಒಂದು ಮಿತಿ ಬೇಕಿತ್ತು. ಎರಡು ಸೆಕೆಂಡಿಗೆ ಒಬ್ಬರಂತೆ ಬಿಡುವಿಲ್ಲದೆ ದಾಟಿದರೂ ನಾಲ್ಕು ಗಂಟೆಗೆ 7,200 ಜನ. ಅದಕ್ಕಿಂತ ಮೇಲಿರುವುದನ್ನೆಲ್ಲ ತೆಗೆದೆ.

ಆಮೇಲೂ ಒಂದು ನಿಲ್ದಾಣ ಅನುಮಾನ ಹುಟ್ಟಿಸುತ್ತಿತ್ತು. 23ನೇ ಬೀದಿ. ಇಷ್ಟೊಂದು ಜನ ಅಲ್ಲಿ ಯಾಕೆ? ನಕ್ಷೆ ತೆಗೆದು ನೋಡಿದರೆ, ಆ ಹೆಸರಿನ ನಿಲ್ದಾಣಗಳು ಐದು ಇವೆ, ಬೇರೆ ಬೇರೆ ಅವೆನ್ಯೂಗಳಲ್ಲಿ, ಬೇರೆ ಬೇರೆ ಲೈನುಗಳ ಮೇಲೆ. ನಾನು ಹೆಸರು ನೋಡಿ ಗುಂಪು ಮಾಡಿದ್ದರಿಂದ ಐದೂ ಒಂದಾಗಿದ್ದವು. ಹೆಸರಿನ ಜೊತೆ ಲೈನಿನ ಕಾಲಮನ್ನೂ ಸೇರಿಸಿದ ಮೇಲೆ ಬಿಡಿಬಿಡಿಯಾಯಿತು. ಇಲ್ಲಿ ನಿಲ್ದಾಣ ಎಷ್ಟು ಎನ್ನುವುದಕ್ಕೂ ಎರಡು ಉತ್ತರ. ಅಧಿಕೃತವಾಗಿ 472. ಒಳಗಿಂದಲೇ ಕೂಡಿಕೊಂಡ ನಿಲ್ದಾಣಗಳನ್ನು ಒಂದೊಂದೇ ಎಂದು ಎಣಿಸಿದರೆ 420ರ ಆಸುಪಾಸು.

ವಾರ 4

ಜಾಸ್ತಿ ಏನೂ ಮಾಡಲಿಲ್ಲ. ಫೈಲುಗಳ ಹೆಸರು ಸರಿ ಮಾಡಿದೆ, ಅಷ್ಟೇ.

ಒಂದು ಸಂಜೆ ಮಾತ್ರ ವರ್ಷದ ಕಾಲಂ ಜೊತೆ ಗುದ್ದಾಡಿದೆ. ಕೋವಿಡ್ ಹೊಡೆತ ಯಾರಿಗೆ ಜಾಸ್ತಿ ಎಂದು ನೋಡಲು ಹೋಗಿದ್ದೆ. ನ್ಯೂಯಾರ್ಕ್ 170 ಕೋಟಿಯಿಂದ 2020ರಲ್ಲಿ 64 ಕೋಟಿಗೆ ಇಳಿಯಿತು. ಲಂಡನ್ 2019-20ರ 134 ಕೋಟಿಯಿಂದ 2020-21ರಲ್ಲಿ 30 ಕೋಟಿಗೂ ಸ್ವಲ್ಪ ಕೆಳಗೆ ಬಿತ್ತು. ಅಬ್ಬಾ, ಲಂಡನ್ ನೆಲಕಚ್ಚಿತಲ್ಲ ಅನಿಸುತ್ತದೆ, ಅಲ್ವಾ? ಆದರೆ ಲಂಡನ್ ವರ್ಷ ಏಪ್ರಿಲ್‌ನಲ್ಲಿ ಶುರುವಾಗುತ್ತದೆ. ಅದರ 2020-21 ಪೂರ್ತಿ ಕೋವಿಡ್ ಒಳಗೇ ಇದೆ. ನ್ಯೂಯಾರ್ಕ್ ಲೆಕ್ಕ ಜನವರಿಯಿಂದ, ಹಾಗಾಗಿ ಎರಡು ತಿಂಗಳು ಎಂದಿನ ಜನಸಂದಣಿ ಅದಕ್ಕೆ ಪುಕ್ಕಟೆ ಸಿಕ್ಕಿದೆ. ತಿಂಗಳ ಲೆಕ್ಕ ಹಾಕದೆ ಈ ಸಾಲನ್ನು ಯಾರಿಗೂ ತೋರಿಸುವುದಿಲ್ಲ ಎಂದು ಕೆಂಪು ಬಣ್ಣ ಬಳಿದಿದ್ದೇನೆ.

ವಾರ 5

ದೊಡ್ಡ ಜಾಲಕ್ಕೆ ದೊಡ್ಡ ಸಂಖ್ಯೆ ಬರುವುದು ಸಹಜ. ಹಾಗಾದರೆ ಉದ್ದದಿಂದ ಭಾಗಿಸೋಣ ಎಂದು ಹೊರಟೆ. ಉದ್ದವೂ ಸುಲಭಕ್ಕೆ ಸಿಗುವುದಲ್ಲ ಅಂತ ಆಗ ಗೊತ್ತಾಯಿತು.

ಲಂಡನ್‌ಗೆ ನಾನು 11 ಲೈನುಗಳ ಉದ್ದ ಕೂಡಿಸಿದೆ. ಅಧಿಕೃತ 402 ಕಿಲೋಮೀಟರಿಗಿಂತ ಜಾಸ್ತಿ ಬಂತು. ಕಾರಣ, ಕೆಲವು ಲೈನುಗಳು ಒಂದೇ ಹಳಿಯನ್ನು ಹಂಚಿಕೊಳ್ಳುತ್ತವೆ. ನಕ್ಷೆಯಲ್ಲಿ ಹಳದಿ ಗೆರೆಯಾಗಿ ಕಾಣುವ ಸರ್ಕಲ್ ಲೈನಿಗೆ ಸ್ವಂತದ್ದು ಎನ್ನುವ ಹಳಿ ಹೆಚ್ಚುಕಮ್ಮಿ ಇಲ್ಲವೇ ಇಲ್ಲ. ನ್ಯೂಯಾರ್ಕ್‌ನಲ್ಲಿ ಇದರ ಉಲ್ಟಾ ತೊಂದರೆ. ಮಾರ್ಗದ ಉದ್ದ 399 ಕಿಲೋಮೀಟರ್. ಆದರೆ ಎಕ್ಸ್‌ಪ್ರೆಸ್ ರೈಲುಗಳಿಗಾಗಿ ಎಷ್ಟೋ ಕಡೆ ಪಕ್ಕಪಕ್ಕ ಮೂರು-ನಾಲ್ಕು ಹಳಿ ಇವೆ. ಪ್ರಯಾಣಿಕರ ರೈಲು ಓಡುವ ಹಳಿಯನ್ನೆಲ್ಲ ಉದ್ದಕ್ಕೆ ಜೋಡಿಸಿದರೆ 1,070 ಕಿಲೋಮೀಟರ್ ಆಗುತ್ತದೆ.

ಮಾರ್ಗದ ಉದ್ದವನ್ನೇ ಹಿಡಿದೆ. ವರ್ಷಕ್ಕೆ ಕಿಲೋಮೀಟರಿಗೆ ಲಂಡನ್ 34 ಲಕ್ಷ, ನ್ಯೂಯಾರ್ಕ್ 43 ಲಕ್ಷ, ಪ್ಯಾರಿಸ್ 68 ಲಕ್ಷ. ಪ್ಯಾರಿಸ್ ಮುಂದೆ ಬಂದಿದ್ದಕ್ಕೆ ಅಚ್ಚರಿ ಆಗಲಿಲ್ಲ. ಅಲ್ಲಿ ನಿಲ್ದಾಣಗಳು ಒಂದರ ಬೆನ್ನಿಗೊಂದು ಇವೆ, ಹೊರವಲಯಕ್ಕೆ ಹೋಗುವ ದೂರದ ಓಟವನ್ನು ಆರ್‌ಇಆರ್ ರೈಲುಗಳು ನೋಡಿಕೊಳ್ಳುತ್ತವೆ. ಆರ್‌ಇಆರ್ ಈ ಲೆಕ್ಕದಲ್ಲಿ ಇಲ್ಲ. ಲಂಡನ್ ಅಂಡರ್‌ಗ್ರೌಂಡ್ ಅಂಥ ಹೊರವಲಯದ ದೂರದ ಕೊಂಬೆಗಳನ್ನೂ ತಾನೇ ಹೊತ್ತುಕೊಂಡಿದೆ, ಅಲ್ಲಿ ರೈಲು ಅರ್ಧ ಖಾಲಿ ಓಡಿದರೂ ಕಿಲೋಮೀಟರ್ ಮಾತ್ರ ಪೂರ್ತಿ ಲೆಕ್ಕಕ್ಕೆ ಬರುತ್ತದೆ.

ವಾರ 6

ಟೋಕಿಯೋ. ಇದನ್ನು ಬೇಕಂತಲೇ ಕೊನೆಗೆ ಇಟ್ಟುಕೊಂಡಿದ್ದೆ.

ಮೊದಲ ತೊಡಕು, ಟೋಕಿಯೋ ಮೆಟ್ರೋ ಅಂದರೆ ಟೋಕಿಯೋದ ಮೆಟ್ರೋ ಪೂರ್ತಿ ಅಲ್ಲ. ಅದು 9 ಲೈನುಗಳ ಒಂದು ಕಂಪನಿ. ಪಕ್ಕದಲ್ಲೇ 4 ಲೈನುಗಳ ತೋಯೆ ಸಬ್‌ವೇ ಇದೆ, ಅದು ನಗರಾಡಳಿತದ್ದು. ಊರನ್ನು ಸುತ್ತುವ ಯಾಮನೋತೆ ಲೈನ್ ಎರಡಕ್ಕೂ ಸೇರಿದ್ದಲ್ಲ, ಜೆಆರ್ ಎಂಬ ರೈಲ್ವೆ ಕಂಪನಿಯದ್ದು. ಟೋಕಿಯೋ ಮೆಟ್ರೋ ಒಂದೇ 2019ರ ಸುಮಾರಿಗೆ ದಿನಕ್ಕೆ 75 ಲಕ್ಷ ಜನರನ್ನು ಹೊತ್ತೊಯ್ಯುತ್ತಿತ್ತು. ಉದ್ದ 195 ಕಿಲೋಮೀಟರ್ ಮಾತ್ರ. ಭಾಗಿಸಿದರೆ ವರ್ಷಕ್ಕೆ ಕಿಲೋಮೀಟರಿಗೆ 1.4 ಕೋಟಿ! ನ್ಯೂಯಾರ್ಕಿನ ಮೂರು ಪಟ್ಟಿಗೂ ಜಾಸ್ತಿ. ಎರಡು ಸಲ ಭಾಗಿಸಿ ನೋಡಿದೆ.

ಇದರಲ್ಲಿ ಒಂದಷ್ಟು ಪಾಲು ಹೊರವಲಯದ ಖಾಸಗಿ ರೈಲುಗಳದ್ದು. ಆ ಕಂಪನಿಗಳ ರೈಲು ಸೀದಾ ಮೆಟ್ರೋ ಸುರಂಗಕ್ಕೆ ನುಗ್ಗಿ ಆಚೆ ಬದಿಯಲ್ಲಿ ಇನ್ನೊಂದು ಕಂಪನಿಯ ಹಳಿಗೆ ಹೋಗುತ್ತದೆ. ಕೂತವರು ಏಳಬೇಕಿಲ್ಲ, ಮೆಟ್ರೋಗೆ ಬಂದಿದ್ದೂ ಗೊತ್ತಾಗಬೇಕಿಲ್ಲ. ಆದರೂ ಮೆಟ್ರೋ ಲೆಕ್ಕದಲ್ಲಿ ಅವರಿದ್ದಾರೆ. ಇನ್ನು ಕೆಲವು ನಿಲ್ದಾಣಗಳಲ್ಲಿ ಲೈನ್ ಬದಲಿಸಲು ಕಿತ್ತಳೆ ಬಣ್ಣದ ಗೇಟಿನಿಂದ ಹೊರಬಂದು, ನಡೆದುಹೋಗಿ, ಮತ್ತೆ ಒಳಹೋಗಬೇಕು. 60 ನಿಮಿಷದೊಳಗೆ ಹೋದರೆ ಅದು ಒಂದೇ ಪ್ರಯಾಣ. ಬರೀ ಗೇಟು ಎಣಿಸುವ ನನ್ನಂಥವನ ಕೈಗೆ ಸಿಕ್ಕರೆ ಎರಡು.

ನನ್ನನ್ನು ಈಗ ನಿಲ್ಲಿಸಿರುವುದು ಬೇರೆ. ಒಂದೇ ಪ್ರಯಾಣದಲ್ಲಿ ಟೋಕಿಯೋ ಮೆಟ್ರೋ, ತೋಯೆ ಎರಡನ್ನೂ ಬಳಸಿದವರು ಎರಡೂ ಕಂಪನಿಗಳ ಪಟ್ಟಿಯಲ್ಲಿ ಒಂದೊಂದು ಸಲ ಇರುತ್ತಾರೆ. ಎರಡನ್ನು ಕೂಡಿಸಿ 'ಟೋಕಿಯೋ' ಎಂದು ಬರೆದರೆ ಅವರು ಇಬ್ಬಿಬ್ಬರಾಗುತ್ತಾರೆ. ಕೂಡಿಸದಿದ್ದರೆ ಊರು ಅರ್ಧಂಬರ್ಧ. ಸದ್ಯಕ್ಕೆ ಎರಡು ಸಾಲುಗಳಾಗಿ ಬಿಟ್ಟಿದ್ದೇನೆ, ಮೊತ್ತದ ಕೋಶದಲ್ಲಿ ಒಂದು ಅಡ್ಡಗೆರೆ ಎಳೆದಿದ್ದೇನೆ.

ಚಾರ್ಟನ್ನು ಮೂರು ಮಾಡಿದ್ದೇನೆ: ಗೇಟಿನ ಲೆಕ್ಕದವರು, ಲೈನಿನ ಲೆಕ್ಕದವರು, ಇನ್ನೂ ಗೊತ್ತಾಗದವರು. ಮೂರನೆಯದು ಎಲ್ಲಕ್ಕಿಂತ ಉದ್ದ ಇದೆ. ಮಾಸ್ಕೋ, ಮೆಕ್ಸಿಕೋ ಸಿಟಿ ಎರಡೂ ಅದರಲ್ಲೇ ಕೂತಿವೆ. ಮುಂದಿನ ವಾರ ಮಾಸ್ಕೋ ತೆಗೆಯಬೇಕು, 2016ರಲ್ಲಿ ಅಲ್ಲಿ ಶುರುವಾದ ಸೆಂಟ್ರಲ್ ಸರ್ಕಲ್ ರೈಲನ್ನು ಒಳಗೆ ಸೇರಿಸುವುದೋ ಹೊರಗಿಡುವುದೋ ಮೊದಲು ತೀರ್ಮಾನಿಸಿಕೊಂಡು.